ಪ್ರೇಮಕ್ಕನ ಬ್ಲೂ-ರೇ ಬರ್ನರ್

ಪ್ರೇಮಕ್ಕ ಕಂಪ್ಯೂಟರನ್ನು ಯಾರಿಂದಲೂ ಕಲಿತವಳಲ್ಲ. ಬ್ಯಾಂಕಿನಲ್ಲಿ ಆಫೀಸರಾಗಿದ್ದ ಅವಳ ಗಂಡ ಕೇಶವಮೂರ್ತಿಯವರು ಅದನ್ನು ಮನೆಗೆ ತಂದು, ಸಂಜೆ ಸ್ವಲ್ಪ ಹೊತ್ತು ಇಸ್ಪೀಟು ಆಡಿ, ಧೂಳು ಕೂಡಬಾರದೆಂದು ಪ್ಲಾಸ್ಟಿಕ್ ಹೊದಿಕೆ ಮುಚ್ಚಿಡುತ್ತಿದ್ದರು. ಹಗಲಲ್ಲಿ ಆ ಹೊದಿಕೆ ತೆಗೆದವಳು ಪ್ರೇಮಕ್ಕ. ಅನ್ನಕ್ಕೆ ಇಟ್ಟು ಬಂದು ಒಂದಿಷ್ಟು, ಬಟ್ಟೆ ಒಣಹಾಕಿ ಬಂದು ಒಂದಿಷ್ಟು ಎಂದು ಕಲಿತಳು. ನಾಸಿಕದ ಕನ್ನಡದವರ ಮನೆಗಳಲ್ಲಿ ಬಸುರಿಯ ಕುಬಸವಿರಲಿ, ಕೂಸಿನ ಜವಳವಿರಲಿ, ಕ್ಯಾಮೆರಾ ಹಿಡಿದು ನಿಲ್ಲುವವಳು ಅವಳೇ. ಆಮೇಲೆ ಅದನ್ನೆಲ್ಲ ಕತ್ತರಿಸಿ ಜೋಡಿಸಿ ಡಿಸ್ಕು ಮಾಡಿ ಹಂಚುವವಳೂ ಅವಳೇ. ಹೆಂಗಸರು ಬಾಯ್ತುಂಬ ಹೊಗಳುತ್ತಿದ್ದರು. ಕೇಶವಮೂರ್ತಿಯವರು ಮಾತ್ರ ಬಂದವರೆದುರು, "ನಮ್ಮಾಕಿದೊಂದು ಹುಚ್ಚರೀ. ಏನೋ ಟೈಂಪಾಸ್," ಎಂದು ನಗುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ತಮಗೆ ತಿಳಿಯದ ಕೆಲಸವನ್ನು ಕೆಲಸವೆಂದು ಎಣಿಸುತ್ತಿರಲಿಲ್ಲ, ಅಷ್ಟೆ.

ನಮ್ಮದು ಎದುರು ಬಾಗಿಲು. ನನ್ನ ಗಂಡ ಶಶಾಂಕ್ ಓಝರಿನ ವಿಮಾನ ಕಾರ್ಖಾನೆಗೆ ಬೆಳಿಗ್ಗೆ ಬಸ್ಸು ಹತ್ತಿದರೆ ನನಗೂ ಕೂಸಿಗೂ ಆ ಎದುರು ಮನೆಯೇ ತವರು. ಗದಗಿನಲ್ಲಿ ನನ್ನ ಅವ್ವ ಕಾಲು ಮುರಿದುಕೊಂಡು ಮಲಗಿದ್ದಾಗ, ನನ್ನ ಮಗಳು ಪ್ರಾಚಿಯನ್ನು ತೊಟ್ಟಿಲಿಗೆ ಹಾಕಿ ಹಾಡಿದವರು ಪ್ರೇಮಕ್ಕನ ತಾಯಿ ಕಾಶಿಬಾಯಿ. ಗುಳೇದಗುಡ್ಡದಿಂದ ಗಂಟಲು ತೋರಿಸಿಕೊಳ್ಳಲೆಂದು ಮಗಳ ಮನೆಗೆ ಬಂದಿದ್ದರು. ಆಗಲೇ ದನಿ ಸ್ವಲ್ಪ ಒಡೆದಿತ್ತು. ಆದರೂ ಹಾಡು ಶುರುವಾದಾಗ ಅಡುಗೆಮನೆಯಲ್ಲಿದ್ದ ಹೆಂಗಸರು ಸೌಟು ಹಿಡಿದುಕೊಂಡೇ ಹೊರಗೆ ಬಂದಿದ್ದರು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಹೇಳಿದ್ದು ಒಂದೇ ಮಾತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ದೀಪಾವಳಿ ಮುಗಿಯಲಿ, ಆಮೇಲೆ ಬನ್ನಿ ಎಂದರು.

ಪ್ರೇಮಕ್ಕ ಅಂದು ಅಳಲಿಲ್ಲ. ಮರುದಿನ ಮಧ್ಯಾಹ್ನ ನನ್ನ ಬಾಗಿಲು ಬಡಿದಳು.

"ಚೈತನ್ಯಾ, ಕೂಸಿನ್ನ ಕೊಡು."

"ಮಲಗ್ಯಾಳ್ರಿ ಅಕ್ಕಾ, ಈಗರೆ ಮಲಗಿಸೇನಿ."

"ಮಲಗಿದ್ರ ಇನ್ನೂ ಚಲೋ. ಅವ್ವ ಹಾಡವಲ್ಲಳು. ಮಡಿಲಾಗ ಕೂಸಿಲ್ಲದ ಜೋಗುಳ ಹೆಂಗ ಹಾಡ್ಲಿ, ನನಗೇನ್ ಹುಚ್ಚ ಹಿಡದೈತಿ ಅಂತಾಳ."

ಹೀಗೆ ನಮ್ಮ ಮಧ್ಯಾಹ್ನಗಳು ಶುರುವಾದವು. ಬಾಲ್ಕನಿಯ ಬೆಳಕಿನಲ್ಲಿ ಕಾಶಿಬಾಯಿ, ಮಡಿಲಲ್ಲಿ ಪ್ರಾಚಿ, ಎದುರಿಗೆ ಸ್ಟ್ಯಾಂಡಿನ ಮೇಲೆ ಪ್ರೇಮಕ್ಕನ ಹೊಸ ಎಚ್‌ಡಿ ಕ್ಯಾಮೆರಾ. ಜೋಗುಳ, ಬೀಸುವ ಹಾಡು, ಸೋಬಾನೆ. ಕಾಶಿಬಾಯಿಗೆ ಅಕ್ಷರ ಬರುತ್ತಿರಲಿಲ್ಲ, ಎಲ್ಲಿಯೂ ಏನೂ ಬರೆದಿಟ್ಟದ್ದಿಲ್ಲ. ಪ್ರೇಮಕ್ಕನಿಗಾದರೂ ಮೊದಲೆರಡು ಸಾಲಿನ ಮುಂದೆ ಯಾವ ಹಾಡೂ ಬರುತ್ತಿರಲಿಲ್ಲ. ದಿನಾ ಕೇಳಿ ಬೆಳೆದವರಿಗೆ ಕಲಿಯಬೇಕೆಂದು ಅನಿಸುವುದೇ ಇಲ್ಲವಲ್ಲ.

ತೆಗೆದದ್ದನ್ನು ಇಡುವುದೆಲ್ಲಿ ಎಂಬಲ್ಲಿ ಕಷ್ಟ ಶುರುವಾಯಿತು. ಎಚ್‌ಡಿ ಚಿತ್ರವೆಂದರೆ ಹೊಟ್ಟೆಬಾಕ. ಹಳೆಯ ಕಂಪ್ಯೂಟರಿನಲ್ಲಿ ಒಂದೆರಡು ಮಧ್ಯಾಹ್ನದ್ದು ಹಾಕುವಷ್ಟರಲ್ಲಿ ಜಾಗ ಮುಗಿಯಿತು. ಡಿವಿಡಿಗೆ ಇಳಿಸಿ ನೋಡಿದರೆ ತಾಯಿಯ ಮುಖಕ್ಕೆ ಹಿಟ್ಟು ಬಳಿದಂತೆ ಕಂಡಿತು. ಹೊರಗಿನ ಹಾರ್ಡ್ ಡಿಸ್ಕ್ ಎಂದರೆ ಅವಳಿಗೆ ಆಗದು. ಹಿಂದಿನ ವರ್ಗಾವಣೆಯಲ್ಲಿ ಸಾಮಾನು ಇಳಿಸುವವರ ಕೈಯಿಂದ ಒಂದು ಬಿದ್ದು, ವರ್ಷಗಟ್ಟಲೆಯ ಫೋಟೊ ಹೋಗಿದ್ದವು. "ನನಗ ಬ್ಲೂ-ರೇನ ಬೇಕು," ಎಂದು ಹಟ ಹಿಡಿದು, ಡಿವಿಡಿಯ ಐದು ಪಟ್ಟು ಹಿಡಿಸುವ ಆ ಡಿಸ್ಕು ಬರೆಯಲು ಮುಂಬೈಯಿಂದ ಬರ್ನರ್ ತರಿಸಿದಳು.

ನಾಸಿಕದ ಅಂಗಡಿಯವನು ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ವಹಿನಿ, ಹೆ ಘರಚ್ಯಾ ಕಾಂಪ್ಯೂಟರ್‌ಲಾ ಚಾಲತ್ ನಾಹೀ," ಎಂದುಬಿಟ್ಟ. ಮನೆಯ ಕಂಪ್ಯೂಟರಿಗೆ ಇದು ನಡೆಯುವುದಿಲ್ಲವಂತೆ. ಪ್ರೇಮಕ್ಕ ನಡೆಸಿಯೇ ತೋರಿಸಿದಳು. ಹಳೆಯ ಮದರ್‌ಬೋರ್ಡಿನಲ್ಲಿ ಅದರ ವೈರು ಚುಚ್ಚಲು ಜಾಗವೇ ಇರಲಿಲ್ಲ, ಬೇರೆ ಕಾರ್ಡು ಹಾಕಿಸಿದಳು. ವೈರು ಕೂತಿತು, ಬರ್ನರಿಗೆ ವಿದ್ಯುತ್ತು ಸಾಲದೆ ಅದು ತಾನಾಗಿಯೇ ನಾಲಿಗೆ ಹೊರಚಾಚಿ, ಒಳಗೆಳೆದುಕೊಂಡು, ಸುಮ್ಮನಾಗುತ್ತಿತ್ತು. ಪವರ್ ಸಪ್ಲೈ ಬದಲಾಯಿಸಿದಳು. ಆಮೇಲೆ ವಿಂಡೋಸ್‌ನ ಹಟ. ಡ್ರೈವ್ ಇದೆ ಎನ್ನುತ್ತದೆ, ಡಿಸ್ಕು ಇಲ್ಲ ಎನ್ನುತ್ತದೆ. ಒಂದು ಸಂಜೆ ಶಶಾಂಕ್‌ನನ್ನೂ ಕರೆದು ಕೂರಿಸಿದಳು. ಅವನು ಅರ್ಧ ತಾಸು ಇಣುಕಿ ನೋಡಿ ಎದ್ದ.

"ಅಕ್ಕಾ, ವಿಮಾನದ ವೈರಿಂಗ್ ಆದ್ರ ಹೇಳ್ರಿ, ಕಣ್ಣ ಮುಚ್ಚಿ ಮಾಡ್ತೇನಿ. ಇದು ನನ್ನಿಂದ ಆಗೂದಲ್ಲ."

"ಹಂಗಂದ್ರ ನಾ ಇನ್ಮ್ಯಾಲೆ ವಿಮಾನ ಹತ್ತೂದ ಬ್ಯಾಡ ಬಿಡಪಾ," ಎಂದಳು ಪ್ರೇಮಕ್ಕ, ತಲೆ ಎತ್ತದೆ.

ಬರ್ನರ್ ಜೊತೆಗೆ ಬಂದಿದ್ದ ಸಿಡಿಯ ತಂತ್ರಾಂಶ ಹಾಕಿದ ಮೇಲೆ ಡಿಸ್ಕು ಕಂಡಿತು. ಆದರೆ ಬರೆಯುವುದಕ್ಕೆ ಒಂದೂವರೆ ತಾಸು ಬೇಕು. ಅಷ್ಟು ಹೊತ್ತು ಕರೆಂಟು ಇರಬೇಕಲ್ಲ! ಲೋಡ್ ಶೆಡ್ಡಿಂಗ್ ಹೊತ್ತು ನೋಡಿಯೇ ಕೂರುತ್ತಿದ್ದಳು, ಆದರೂ ಎಲ್ಲೋ ತಂತಿ ಬಿತ್ತೆಂದು ಕರೆಂಟು ಹೋಗುತ್ತಿತ್ತು. ಯುಪಿಎಸ್ ಕೀಂಗುಟ್ಟಿ ಪ್ರಾಣ ಬಿಟ್ಟರೆ ಡಿಸ್ಕೂ ಸತ್ತಂತೆಯೇ. ಕೆಟ್ಟ ಡಿಸ್ಕುಗಳನ್ನು ನಮಗೆ ಹಾಲು ಹಾಕುವ ತುಕಾರಾಮ, ದಿಂಡೋರಿ ಊರಿನ ತನ್ನ ದ್ರಾಕ್ಷಿ ಚಪ್ಪರಕ್ಕೆ ಕಟ್ಟಲು ಒಯ್ಯುತ್ತಿದ್ದ, ಹಕ್ಕಿ ಬೆದರಲಿ ಎಂದು.

ಕೊನೆಗೆ ಪ್ರೇಮಕ್ಕ ದಾರಿಯೊಂದನ್ನು ಕಂಡುಕೊಂಡಳು. ಅಳಿಸಿ ಮತ್ತೆ ಬರೆಯಲು ಬರುವ ಡಿಸ್ಕು ಒಂದನ್ನು ತರಿಸಿ, ಅದೇ ತಂತ್ರಾಂಶದಿಂದ ಸ್ವಲ್ಪ ಸ್ವಲ್ಪವಾಗಿ ತುಂಬುವುದು. ಇಂದು ಒಂದು ಹಾಡು, ನಾಳೆ ಒಂದು. ಕರೆಂಟು ಹೋದರೂ ಒಂದೇ ಹಾಡು ಹೋಗುತ್ತದೆ, ಅದನ್ನು ಮತ್ತೆ ಹಾಕಬಹುದು. ಡಿಸ್ಕಿಗೆ ಸೇರಿದ್ದನ್ನು ಕ್ಯಾಮೆರಾದಿಂದಲೂ ಕಂಪ್ಯೂಟರಿನಿಂದಲೂ ಅಳಿಸಿದರೆ ಮುಂದಿನದಕ್ಕೆ ಜಾಗ. ಇದರಲ್ಲಿ ಒಂದೇ ತೊಡಕು. ಆ ತಂತ್ರಾಂಶ ಇದ್ದ ಕಂಪ್ಯೂಟರಿಗೆ ಮಾತ್ರ ಆ ಡಿಸ್ಕಿನಲ್ಲಿ ಹಾಡು ಕಾಣುತ್ತಿತ್ತು. ಉಳಿದ ಯಾವುದರಲ್ಲಿ ಹಾಕಿದರೂ ಅದು ಖಾಲಿ ಡಿಸ್ಕು.

"ಅವ್ವನ ಆಪರೇಷನ್ ಒಂದು ಆಗ್ಲಿ. ಪುರಸೊತ್ತಿಲೆ ಕೂತು ಎಲ್ಲಾ ಕಡೆ ಓಡೂ ಹಂಗ ಪಕ್ಕಾ ಮಾಡ್ತೇನಿ," ಎನ್ನುತ್ತಿದ್ದಳು.

ಆಪರೇಷನ್ ಆಯಿತು. ಕಾಶಿಬಾಯಿ ಉಳಿದರು. ಕೊರಳಲ್ಲಿ ತೂತು, ಅದರ ಮೇಲೆ ಬಿಳಿ ಬಟ್ಟೆ. ಪ್ರೇಮಕ್ಕ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಕೇಶವಮೂರ್ತಿಯವರಿಗೆ ಔರಂಗಾಬಾದಿಗೆ ವರ್ಗವಾಯಿತು. ತುಕಾರಾಮನ ಬಾಯಲ್ಲಿ ಆ ಊರು ಆಗಲೂ ಸಂಭಾಜಿನಗರವೇ.

ಬ್ಯಾಂಕಿನವರ ಪದ್ಧತಿ ಗೊತ್ತಲ್ಲ. ಆರ್ಡರು ಬಂದ ಕೂಡಲೆ ಭಾರದ ಸಾಮಾನನ್ನು ಬಿಟ್ಟು ಹೋಗುವ ಊರಿನ ಸಹೋದ್ಯೋಗಿಗಳಿಗೇ ಮಾರಿ, ಹಗುರಾಗಿ ಹೊರಡುವುದು. ಕೂಲರ್ ಹೋಯಿತು, ದಿವಾನ್ ಹೋಯಿತು. ಹೊದಿಕೆ, ಮೇಜು, ಒಳಗಿನ ಬರ್ನರ್ ಸಮೇತ ಕಂಪ್ಯೂಟರ್ ಅದೇ ಬ್ರಾಂಚಿನ ಮಧುಕರ ಎಂಬವರ ಮನೆಗೆ ಹೋಯಿತು. ಕೊಡುವ ಮೊದಲು ಕೇಶವಮೂರ್ತಿಯವರು ಅದರೊಳಗಿನದನ್ನೆಲ್ಲ ಅಳಿಸಿ ಕೊಟ್ಟಿದ್ದರು. ಬ್ಯಾಂಕಿನಲ್ಲಿ ಹಾಗೆ ಅಳಿಸದೆ ಏನನ್ನೂ ಹೊರಗೆ ಕಳಿಸುವುದಿಲ್ಲವಂತೆ.

ಪ್ರೇಮಕ್ಕ ಆಸ್ಪತ್ರೆಯಿಂದ ಬಂದು ಬರಿದಾದ ಮೂಲೆಯನ್ನು ನೋಡಿದಳು.

"ಒಂದ್ ಮಾತ್ ಕೇಳಬಾರದಾಗಿತ್ತೇನ್ರಿ?"

"ನೀ ಆಸ್ಪತ್ರ್ಯಾಗಿದ್ದಿ. ಇದಕ್ಕೆಲ್ಲಾ ಏನ್ ಕೇಳೂದು? ಅಲ್ಲಿ ಹೋದಮ್ಯಾಲೆ ಹೊಸಾದು ತಗೊಂಡ್ರಾತು. ಡಿಸ್ಕ್ ಐತೆಲ್ಲಾ ನಿನ್ ಹಂತ್ಯಾಕ!"

ಡಿಸ್ಕೇನೋ ಅವಳ ಟ್ರಂಕಿನಲ್ಲಿ, ಇಳಕಲ್ ಸೀರೆಯ ಮಡಿಕೆಯಲ್ಲಿತ್ತು. ತಂತ್ರಾಂಶದ ಸಿಡಿ ಮಾತ್ರ ಮೇಜಿನ ಖಾನೆಯಲ್ಲಿ ಉಳಿದು ಮಧುಕರರ ಮನೆ ಸೇರಿತ್ತು. ಅದನ್ನು ಹುಡುಕಿ ಇಟ್ಟುಕೋ ಎಂದು ನನಗೆ ಹೇಳಿ ಹೋದಳು. ಅವರ ಮನೆಗೆ ನಾಲ್ಕಾರು ಸಲ ಎಡತಾಕಿದ ಮೇಲೆ ಸಿಡಿ ಸಿಕ್ಕಿತು. ಅಷ್ಟರಲ್ಲಿ ಪ್ರೇಮಕ್ಕನ ಫೋನು ಬಂತು. ಹೊಸ ಕಂಪ್ಯೂಟರ್ ಬಂದಿದೆ, ಬರ್ನರ್ ಅದರೊಳಗೇ ಇದೆ, ನೀನೇ ಸಿಡಿ ಹಿಡಿದು ಬಾ, ಪ್ರಾಚಿಯನ್ನು ಕಂಡರೆ ಅವ್ವನಿಗೂ ಹಿಗ್ಗು.

ಪ್ರಾಚಿಯ ಬಟ್ಟೆಚೀಲದಲ್ಲಿ ಸಿಡಿ ಇಟ್ಟುಕೊಂಡು ಬಸ್ಸು ಹತ್ತಿದೆ. ಪ್ರೇಮಕ್ಕ ಸ್ಟ್ಯಾಂಡಿಗೆ ಬಂದು ಕಾಯುತ್ತಿದ್ದಳು. ಮಗುವನ್ನು ಎತ್ತಿಕೊಳ್ಳುವ ಮೊದಲೇ, "ತಂದೇನು?" ಎಂದು ಕೇಳಿದಳು. ರಿಕ್ಷಾದಲ್ಲಿ ಕೂತವಳು ಸಿಡಿಯನ್ನು ಕೈಯಿಂದ ಬಿಡಲಿಲ್ಲ. "ಅವ್ವ ಮುಂಜಾನಿಂದ ರೇಷ್ಮಿ ಸೀರಿ ಉಟ್ಟು ಕೂತಾಳ. ತನ್ನ ಹಾಡು ತಾನ ಕೇಳಾಕ ಯಾರರೆ ಹಿಂಗ ಶೃಂಗಾರ ಆಗ್ತಾರೇನ?" ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು ಅದು.

ಬಾಗಿಲಲ್ಲೇ ಕೇಶವಮೂರ್ತಿಯವರು ಉತ್ಸಾಹದಿಂದ ನಿಂತಿದ್ದರು.

"ಬಾರವಾ ಚೈತನ್ಯಾ! ನೀವು ಬರೂದ್ರೊಳಗ ನಾನ ಎಲ್ಲಾ ರೆಡಿ ಮಾಡೇನಿ. ಇವತ್ತ ಪ್ರೇಮಾಗ ಒಂದು ಸರ್‌ಪ್ರೈಸ್."

ಪ್ರೇಮಕ್ಕ ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು. "ಏನ್ ರೆಡಿ ಮಾಡೀರಿ?"

"ಡಿಸ್ಕ್ ಹಾಕಿದ್ನೆಪಾ. ಫಾರ್ಮ್ಯಾಟ್ ಮಾಡಬೇಕು, ಮಾಡ್ಲೇನು ಅಂತ ಕೇಳ್ತು. ಎಸ್ ಅಂದೆ. ಭಾಳ ಹೊತ್ತ ತಗೊಂತು, ನಾ ಚಾ ಕುಡೀಕೋತ ಕೂತಿದ್ದೆ. ಈಗ ನೂರಕ್ಕ ನೂರು ಆಗೇತಿ ನೋಡು. ಆದ್ರ ಹಾಡು ಎಲ್ಲಿ ಅದಾವೋ ತಿಳೀವಲ್ದು."

ಬ್ಯಾಂಕಿಗೆ ಕಂಪ್ಯೂಟರ್ ಬಂದಾಗಿನಿಂದ ಅವರು ನೌಕರಿ ಮಾಡಿದ್ದೇ ಹಾಗೆ. ಅದು ಏನು ಕೇಳಿದರೂ ಎಸ್ ಒತ್ತದೆ ಕೆಲಸ ಮುಂದೆ ಸಾಗುವುದಿಲ್ಲ. ಯಂತ್ರ ಕೇಳಿದ್ದಕ್ಕೆ ಇಲ್ಲ ಎನ್ನಬಹುದೆಂದು ಅವರಿಗೆ ಹೊಳೆದಿರಲಿಕ್ಕೂ ಇಲ್ಲ.

ಪ್ರೇಮಕ್ಕ ಒಳಗೆ ಹೋಗಿ ಕುರ್ಚಿಯಲ್ಲಿ ಕೂತು, ನಾನು ತಂದ ಸಿಡಿಯಿಂದ ತಂತ್ರಾಂಶ ಹಾಕಿದಳು. ಅವಸರ ಮಾಡಲಿಲ್ಲ. ಡಿಸ್ಕನ್ನು ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿದಳು. ಪೂರ್ತಿ ಜಾಗ ಖಾಲಿ ಇದೆ ಎಂದು ತೋರಿಸಿತು. ಆಮೇಲಿನ ದಿನಗಳಲ್ಲಿ ದೊಡ್ಡ ಅಂಗಡಿಗೂ ಒಯ್ದು ತೋರಿಸಿದ್ದಾಯಿತು, ಅಲ್ಲಿಯೂ ಅದೇ ಉತ್ತರ. ಆದರೆ ಅವಳಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ನನಗೂ ಅವಳ ಬೆನ್ನು ನೋಡಿ ಗೊತ್ತಾಯಿತು.

"ನಾ ಹೇಳಿದ್ದಿಲ್ಲೇನ್ರಿ, ನಾ ಬರೂ ತನಕ ಅದನ್ನ ಮುಟ್ಟಬ್ಯಾಡ್ರಿ ಅಂತ?"

"ನಿನಗ ಹೆಲ್ಪ್ ಆಗ್ಲೆಂತ..." ಅವರ ಮುಖ ಸಣ್ಣದಾಗಿತ್ತು. ಏನಾದರೂ ಹೇಳಬೇಕಲ್ಲ, ಹೇಳಿಬಿಟ್ಟರು. "ಹೋಗ್ಲಿ ಬಿಡು ಪ್ರೇಮಾ. ಕ್ಯಾಮೆರಾ ಅಂತೂ ಐತಿ. ಮತ್ತೊಮ್ಮೆ ಕೂಡಿಸಿ ಹಾಡಿಸಿದ್ರಾತು."

ಕಾಶಿಬಾಯಿ ಅಲ್ಲೇ ಎದುರಿಗೆ, ಮೆತ್ತೆಯ ಮೇಲೆ ಕೂತಿದ್ದರು. ರೇಷ್ಮೆ ಸೀರೆ, ಕೊರಳಲ್ಲಿ ಬಿಳಿ ಬಟ್ಟೆ. ಅಳಿಯನ ಮಾತು ಅವರಿಗೆ ಸ್ಪಷ್ಟವಾಗಿ ಕೇಳಿತು. ಕಿವಿಗೇನೂ ಆಗಿರಲಿಲ್ಲವಲ್ಲ. ತಾವು ಹೇಳಿದ್ದೇನೆಂದು ಕೇಶವಮೂರ್ತಿಯವರಿಗೆ ಅರಿವಾಗಿ ಅವರು ಬಾಲ್ಕನಿಗೆ ಹೋದರು. ನನಗೆ ಅವರ ಮೇಲೆ ಮರುಕವೂ ಬಂತು, ಆದರೆ ಸಿಟ್ಟಿನ ಮುಂದೆ ಅದು ನಿಲ್ಲಲಿಲ್ಲ.

ಪ್ರೇಮಕ್ಕ ಎದ್ದು ತಾಯಿಯ ಮುಂದೆ ಕೂತಳು. "ಅವ್ವಾ, ಎಲ್ಲಾ ಅಳಿಸಿ ಹೋತು," ಎಂದಳು. ಸುತ್ತಿ ಬಳಸಿ ಹೇಳಲಿಲ್ಲ.

ಮುದುಕಿ ಅವಳ ಕೆನ್ನೆ ಸವರಿ, ನನ್ನ ಕಡೆ ಕೈಚಾಚಿದರು. ಪ್ರಾಚಿಯನ್ನು ಮಡಿಲಲ್ಲಿ ಕೂರಿಸಿದೆ. ಅವರು ತೊಡೆ ಅಲುಗಿಸತೊಡಗಿದರು. ತುಟಿಗಳು ಆಡಿದವು. ಆ ಲಯ ನನಗೆ ಗೊತ್ತಿತ್ತು, ತೊಟ್ಟಿಲ ದಿನ ಹಾಡಿದ್ದು. ಪ್ರೇಮಕ್ಕ ತುಟಿ ನೋಡುತ್ತ ಮೆಲ್ಲಗೆ ದನಿ ಕೊಟ್ಟಳು.

"ಅಂಗಳಕ ಬಂದಾಳ ಗೆಜ್ಜಿಯ ಕಾಲವ್ವ
ಬಿಸಿಲವ್ವ ತುಸು ಸರಿದು ಕೂಡು, ನನ ಮಗಳ..."

ಅಲ್ಲಿಗೆ ನಿಂತಳು. ಮೂರನೆಯ ಸಾಲು ಅವಳಿಗೆ ಬಾರದು. ನನಗೂ ಬಾರದು. ಕಾಶಿಬಾಯಿಯ ತುಟಿಗಳು ಮುಂದೆ ಹೋಗಿ, ತಿರುಗಿ ಬಂದು, ಅದೇ ಸಾಲನ್ನು ನಿಧಾನವಾಗಿ ಮತ್ತೆ ಆಡಿದವು.

"ಪಾದ ಸುಟ್ಟಾವ?" ಎಂದಳು ಪ್ರೇಮಕ್ಕ.

ಅಲ್ಲವೆಂದು ತಲೆಯಾಡಿಸಿದರು.

"ನೆರಳಾಗ ಆಡ್ಲಿ? ಬಣ್ಣ ಮಾಸೀತು? ಅವ್ವಾ, ಇನ್ನೊಮ್ಮೆ ಹೇಳು."

ಅವರು ಇನ್ನೊಮ್ಮೆ ಆಡಿದರು. ಕೊರಳಿನ ಬಟ್ಟೆ ಉಸಿರಿಗೆ ಒಳಗೆ ಹೊರಗೆ ಆಗುತ್ತಿತ್ತು. ನಾನೂ ಬಗ್ಗಿ ನೋಡಿದೆ. ಪ ಕಾರವೋ ಮ ಕಾರವೋ, ತುಟಿ ಕೂಡಿದ್ದಷ್ಟೇ ಕಂಡಿತು. ಪ್ರೇಮಕ್ಕ ತನಗೆ ತೋಚಿದ್ದನ್ನೆಲ್ಲ ಹೇಳುತ್ತ ಹೋದಳು, ಮುದುಕಿ ಅಲ್ಲ ಅಲ್ಲ ಎನ್ನುತ್ತ ಹೋದರು. ಪ್ರಾಚಿ ಬೇಸತ್ತು ಅಳಲು ಶುರುಮಾಡಿದಳು. ಆಗ ಪ್ರೇಮಕ್ಕ, ತಾಯಿಯ ಎರಡೂ ಕೈ ಹಿಡಿದುಕೊಂಡು, "ಮಾರಿ ಬಾಡೀತ?" ಎಂದಳು.

ಕಾಶಿಬಾಯಿ ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಹೌದೆಂದು ತಲೆಯಾಡಿಸಿ, ತುಟಿ ಮುಚ್ಚಿಕೊಂಡರು.

ಸಾಲು ಅದಲ್ಲವೆಂದು ಪ್ರೇಮಕ್ಕನಿಗೂ ನನಗೂ ಗೊತ್ತಾಯಿತು.