ಸುಂಕದ ಮೇಜಿನ ಮೇಲೆ ಹುರಿಹಿಟ್ಟು

ಕೋಲಾರದಿಂದ ರೈಲು, ರಾಮೇಶ್ವರದಿಂದ ಹಡಗು. ಪ್ರವಾಸ ಹೊರಟ ಕಾಲೇಜು ಮಕ್ಕಳ ಜೊತೆ ಅಡುಗೆ ಉಸ್ತುವಾರಿಗೆಂದು ಬಂದ ನಾನು ಈಗ ಸಿಲೋನಿನ ತಲೈಮನ್ನಾರ್ ಹಡಗುಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಸುಂಕದ ಅಧಿಕಾರಿ ನಮ್ಮ ಪಾತ್ರೆ ಮೂಟೆಯಿಂದ ಕಂದು ಪುಡಿಯ ಚೀಲವೊಂದನ್ನು ಎಳೆದು, ಯಾರದೆಂದು ತಮಿಳಿನಲ್ಲಿ ಗದರಿದರು. ಪರದೇಶದ ಊಟ ಒಗ್ಗದಿದ್ದರೆ ಇರಲಿ ಎಂದು ನಾನೇ ಯಾರಿಗೂ ಹೇಳದೆ ತುರುಕಿದ್ದ ರಾಗಿ ಹುರಿಹಿಟ್ಟು ಅದು. ಎಲ್ಲರನ್ನೂ ವಾಪಸ್ಸು ಕಳಿಸಿಬಿಟ್ಟರೆ? ಹೆದರಿ, ಕೈ ಎತ್ತದೆ ಮಕ್ಕಳ ಹಿಂದೆ ಸರಿದೆ.

ಅದರ ಘಮ ಬಂದೊಡನೆ ಆ ಮಕ್ಕಳಲ್ಲೊಬ್ಬಳು, ಮುಳಬಾಗಿಲಿನ ನಾಗಮಣಿ, ನನ್ನ ಮುಖ ನೋಡಿದಳು. “ನೀವು ಸುಮ್ಕಿರಿ ತಾತ, ನಾನು ಹೇಳ್ತೀನಿ,” ಎಂದು ಪಿಸುಗುಟ್ಟಿ, ಚೀಲ ತನ್ನದೆಂದು ಮುಂದೆ ಹೋದಳು. ಹಿಟ್ಟಿಗೆ ಬೆಲ್ಲ, ನೀರು ಕಲಸಿ ಉಂಡೆ ಕಟ್ಟಿ ಅವರೆದುರೇ ತಿಂದಳು.

ಅಧಿಕಾರಿಯೂ ಒಂದು ಚೂರು ಬಾಯಿಗಿಟ್ಟರು. “ಕುರಕ್ಕನ್,” ಎಂದರು. ಅವರಲ್ಲಿ ರಾಗಿಗೆ ಅದೇ ಹೆಸರಂತೆ. ಅವರ ತಾಯಿ ಅದರ ರೊಟ್ಟಿ ಸುಡುತ್ತಾರಂತೆ. ಇಷ್ಟು ಹದವಾಗಿ ಹುರಿದವರು ಯಾರೆಂದು ಕೇಳಿದರು.

ನಾಗಮಣಿ ನನ್ನ ಕಡೆ ಬೆರಳು ತೋರಿಸಿದಳು. “ಇವಾಗಾದ್ರೂ ಕೈ ಎತ್ತಿ ತಾತ.”

ಮಕ್ಕಳೆಲ್ಲ ನಕ್ಕರು. ಕೈ ಎತ್ತಿದೆ, ತಲೆ ಎತ್ತಲಾಗಲಿಲ್ಲ.