ನೂರಾ ನಲವತ್ತು ಕಿಲೋ ಫರಕು

ಬ್ಯಾಡಗಿಯ ಮೋಟೆಬೆನ್ನೂರು ರಸ್ತೆಯ ವೇಬ್ರಿಡ್ಜ್‌ನಲ್ಲಿ ಸಲ್ಮಾ ಹದಿನಾರು ವರ್ಷಗಳಿಂದ ಲಾರಿ ತೂಗುತ್ತಿದ್ದಾಳೆ. ಅವಳೂ ಗಂಡ ಅಸ್ಲಮನೂ ಸೇರಿ ಹಾಕಿಸಿದ ಕಾಟಾ ಅದು. ಅವಳ ಚೀಟಿ ಹಿಡಿದವರು ಇನ್ನೊಂದು ಕಡೆ ತೂಗಿ ನೋಡುವುದಿಲ್ಲ. ಆ ಹೆಸರೇ ಅವಳ ಅನ್ನ.

ಆ ಗುರುವಾರ ಮೆಣಸಿನಕಾಯಿ ಲಾರಿಗಳ ಮುಂದೆ ಎರಡು ಗಿಡ್ಡ ಸ್ಪೋರ್ಟ್ಸ್ ಕಾರು ಬಂದು ನಿಂತವು. ಕೆಂಪನೆಯದು ಇಟಲಿಯದು, ಹುಬ್ಬಳ್ಳಿಯ ಶಶಿಕಾಂತನದು. ಬೆಳ್ಳಿ ಬಣ್ಣದ್ದು ಜಪಾನಿನದು, ಅವನ ಗೆಳೆಯ ಮಧುವಿನದು. ಎರಡೂ ಮೂವತ್ತು ವರ್ಷ ಹಳೆಯವು, ಈಗ ಹುಡುಕಿದರೂ ಸಿಗದಂಥವು. ಹಾವೇರಿ ದಾಟಿದಾಗಿನಿಂದ ಗೆಳೆಯರಿಗೆ ಒಂದೇ ಜಗಳ: ಯಾವುದು ಹಗುರ?

ಓಡಿಸುವವರನ್ನು ಇಳಿಸಿ ತೂಗಿದಾಗ ಮಧುವಿನದು ಸಾವಿರದ ಮುನ್ನೂರಾ ಎಂಬತ್ತು ಕಿಲೋ ಬಂತು. ಕಂಪನಿಯ ಪುಸ್ತಕಕ್ಕಿಂತ ಹತ್ತೇ ಹೆಚ್ಚು. ಕೆಂಪು ಕಾರು ಸಾವಿರದ ಮುನ್ನೂರಾ ತೊಂಬತ್ತು.

"ಪುಸ್ತಕದಾಗ ಸಾವಿರದ ಇನ್ನೂರಾ ಐವತ್ತು ಐತಿ. ನಿಮ್ಮ ಕಾಟಾ ಕೆಟ್ಟೈತಿ ಬಿಡ್ರಿ!" ಶಶಿಕಾಂತ ಕೂಗಿದ.

"ನನ್ನದಕ್ಕ ಹೆಂಗ ಸರಿ ಬಂತಲೇ? ಕಾಟಾಕ್ಕ ಜಪಾನಿ ಭಾಷಾ ಅಷ್ಟ ತಿಳಿತೈತೇನು?" ಎಂದ ಮಧು.

ಸಾಲಿನಲ್ಲಿದ್ದ ಹಲಗೇರಿಯ ಪ್ರಭುಲಿಂಗಪ್ಪ ಲಾರಿಯಿಂದ ಇಳಿದು ಬಂದ. "ಸಲ್ಮಾ, ಹ್ವಾದ ವಾರ ನನ್ನ ಮಾಲಿನಾಗೂ ಹಿಂಗ ಆಗಿತ್ತೇನವಾ?"

ಅವನ ಹಿಂದಿನ ಲಾರಿ ಆಗಲೇ ರಿವರ್ಸ್ ತೆಗೆಯುತ್ತಿತ್ತು. ಸಂಜೆಯೊಳಗೆ ಮಾರುಕಟ್ಟೆಯ ತುಂಬ ಇದೇ ಮಾತಾಗುತ್ತದೆ. ಟನ್‌ಗಟ್ಟಲೆ ಹೊರುವ ಕಾಟಾ ಇಷ್ಟು ಸಣ್ಣ ತೂಕ ಸರಿಯಾಗಿ ಹೇಳುತ್ತದೆಯೇ? ಅದನ್ನು ಸಲ್ಮಾ ಎಂದೂ ಪರೀಕ್ಷಿಸಿರಲಿಲ್ಲ.

ಕೋಣೆಯಲ್ಲಿದ್ದ ಸರ್ಕಾರಿ ಮುದ್ರೆಯ ಇಪ್ಪತ್ತು ಕಿಲೋದ ಏಳು ತೂಕದ ಕಲ್ಲು ತೋರಿಸಿದಳು. "ಸಾಹೇಬ್ರ, ಕಾರು ಕೆಳಗ ಇಳಸ್ರಿ. ಇವನ್ನ ನೀವ ಎತ್ತಿ ಇಡ್ರಿ. ನಾ ಮುಟ್ಟೂದಿಲ್ಲ."

ಶಶಿಕಾಂತ ಬೆವರುತ್ತ ಒಂದೊಂದೇ ಹೊತ್ತ. ಕಾಟಾದ ಮೊದಲ ಮೂಲೆಯಲ್ಲಿ ನೂರಾ ನಲವತ್ತು. ಎರಡನೆಯದರಲ್ಲೂ ಅಷ್ಟೇ. ನಾಲ್ಕೂ ಮೂಲೆಯಲ್ಲಿ ಅಂಕಿ ಕದಲಲಿಲ್ಲ. ಕಲ್ಲುಗಳ ಜೊತೆ ಕೆಂಪು ಕಾರನ್ನೂ ಹತ್ತಿಸಿದಾಗ ಸಾವಿರದ ಐನೂರಾ ಮೂವತ್ತು, ಮೊದಲಿಗಿಂತ ಸರಿಯಾಗಿ ನೂರಾ ನಲವತ್ತು ಹೆಚ್ಚು.

"ಹಂಗಾರ ನನ್ನ ಪುಸ್ತಕ ಸುಳ್ಳೇನ್ರಿ?"

"ಸುಳ್ಳಂತ ಯಾರಂದ್ರು? ಅದ್ರಾಗ ಪೆಟ್ರೋಲು, ಆಯಿಲ್ಲು, ನೀರು ಹಿಡದಾರೇನು? ಅದನ್ನ ನೋಡ್ರಿ."

ಮಧು ಎರಡೂ ಪುಸ್ತಕಗಳ ಸಣ್ಣ ಅಕ್ಷರ ಓದಿದ. ಜಪಾನಿನವರು ಎಲ್ಲ ತುಂಬಿ, ಹೊರಡಲು ಸಿದ್ಧವಾದ ಕಾರನ್ನು ತೂಗಿದ್ದರು. ಇಟಲಿಯವರು ಎಲ್ಲ ಬಸಿದು ಒಣ ಕಾರನ್ನು ತೂಗಿದ್ದರು. ಶಶಿಕಾಂತ ದಾರಿಯಲ್ಲಿ ಚಿಂತೆ ಬೇಡವೆಂದು ಟ್ಯಾಂಕ್ ಬೇರೆ ತುಂಬಿಸಿಕೊಂಡಿದ್ದ.

"ನಾವೂ ಚೀಲದ ತೂಕ ಕಳೀತೀವ್ರಿ," ಎಂದಳು ಸಲ್ಮಾ. "ಆದ್ರ ಕಳದೇವಿ ಅಂತ ದೊಡ್ಡ ಅಕ್ಷರದಾಗ ಬರೀತೀವಿ."

ಪ್ರಭುಲಿಂಗಪ್ಪ ಹೋ ಎಂದು ನಕ್ಕ.

"ಅಂದ್ರ ನಂದ ಹಗುರ!" ಮಧು ಕುಣಿದ.

"ಇಲ್ರಿ. ನನ್ನ ಕಾಟಾ ಹತ್ತತ್ತು ಕಿಲೋ ಲೆಕ್ಕದಾಗ ತೋರಸ್ತೈತಿ. ನಿಮ್ಮಿಬ್ಬರ ನಡುವಿನ ಹತ್ತ ಕಿಲೋ ಫರಕಿಗೆ ಅದು ಸಾಕ್ಷಿ ಹೇಳೂದಿಲ್ಲ."

ಗೆದ್ದವನಿಗೂ ಅವಳು ಹೀಗೆ ಹೇಳಿದ್ದನ್ನು ಕೇಳಿ ಪ್ರಭುಲಿಂಗಪ್ಪ ತನ್ನ ಡ್ರೈವರ್‌ಗೆ ಹೇಳಿ ಲಾರಿಯನ್ನು ಕಾಟಾದ ಮೇಲೆ ಹತ್ತಿಸಿದ. ಕಿಟಕಿಯ ಹಿಂದೆ ಸಲ್ಮಾ ಬೆರಳನ್ನು ಗುಂಡಿಯ ಮೇಲಿಟ್ಟು ಕೂಗಿದಳು:

"ಕಾಕಾ, ಡ್ರೈವರ್‌ಗೆ ಕೆಳಗ ಇಳಿ ಅನ್ರಿ. ಅವನ ತೂಕ ಮಾಲಿನಾಗ ಸೇರಬಾರದು."