ಎರವಲು ಗಡಿಯಾರ

ನನ್ನ ಮನೆಯಲ್ಲಿ ಒಂದು ಗೋಡೆ ಗಡಿಯಾರವಿದೆ. ಮಹದೇವಪುರದ ಸರ್ಕಾರಿ ಪ್ರಾಥಮಿಕ ಶಾಲೆಯಿಂದ ನಾನು ನಿವೃತ್ತಳಾದ ದಿನ ಸಹೋದ್ಯೋಗಿಗಳು ಕೊಟ್ಟದ್ದು. ಗಂಟೆಗೊಂದು ಸಲ ಅದರೊಳಗಿಂದ ಸಂಗೀತ ಬರುತ್ತದೆ, ಕೆಳಗೆ ಚಿನ್ನದ ಬಣ್ಣದ ಲೋಲಕ ತೂಗುತ್ತದೆ. ನೋಡಲು ಜೋರಾಗಿದೆ, ಸಮಯ ಮಾತ್ರ ಯಾವತ್ತೂ ಸರಿ ತೋರಿಸಿಲ್ಲ. ಆದರೂ ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರೂ ಅದು ಒಂದು ದಿನದ ಮಟ್ಟಿಗೆ ಆ ಮನೆ ಸೇರುತ್ತದೆ. ಒಬ್ಬರ ಮನೆಯ ಸೋಫಾ ಕವರು, ಇನ್ನೊಬ್ಬರ ಗಾಜಿನ ಲೋಟ, ನನ್ನ ಗಡಿಯಾರ. ಬಂದವರು ಹೋದ ಮೇಲೆ ಎಲ್ಲವೂ ವಾಪಸು. ಇದು ನಮ್ಮ ಹೆಂಗಸರ ಪದ್ಧತಿ, ಗಂಡಸರಿಗೆ ಇದರ ಸುಳಿವೂ ಇರುವುದಿಲ್ಲ. ಕುಡಿದ ಕಾಫಿಯ ಲೋಟ ಯಾರದು ಅಂತ ಯಾವ ಗಂಡಸು ಕೇಳಿದ್ದಾನೆ?

ನನ್ನ ಪಕ್ಕದ ಮನೆ ದಾಸಪ್ಪನದು. ಅವನು ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಟೆಕ್ ಪಾರ್ಕ್ ಎದ್ದಿದೆ, ಅದರ ಹುಲ್ಲು ಹೂವು ನೋಡಿಕೊಳ್ಳುವ ಆಳುಗಳಿಗೆ ಅವನೇ ಮೇಸ್ತ್ರಿ. ಹೆಂಡತಿ ಸೊಣ್ಣಮ್ಮ. ಒಬ್ಬಳೇ ಮಗಳು ಮಂಜುಶ್ರೀ, ನನ್ನ ಶಿಷ್ಯೆ. ಚಿಕ್ಕಂದಿನಲ್ಲಿ ಪುಕ್ಕಲಿ. ಹಾಜರಿ ಕೂಗಿದಾಗ ‘ಬಂದಿದ್ದೇನೆ ಮಿಸ್’ ಅನ್ನುವುದಕ್ಕೂ ಅವಳಿಗೆ ಬೆವರು ಬರುತ್ತಿತ್ತು. ಅಂಥವಳು ಬಿ.ಕಾಂ. ಮುಗಿಸಿ, ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡು ಕಂಪನಿಯ ಕ್ಯಾಬ್ ಹತ್ತಿದ ದಿನ ನನಗೇ ಕೋಡು ಮೂಡಿತ್ತು.

ಅವಳ ಕೆಲಸವನ್ನು ನನಗೆ ಬಿಡಿಸಿ ಹೇಳಿದವಳೂ ಅವಳೇ. ಇಂಟರ್ನೆಟ್ಟಿನಲ್ಲಿ ಸಾಮಾನು ಮಾರುವ ಒಂದು ಕಂಪನಿ. ಅಲ್ಲಿ ಯಾವುದೇ ಸಾಮಾನಿಗೆ ಗಿರಾಕಿಗಳು ತಮಗೆ ತೋಚಿದ ಮಾತನ್ನು ಅಂಟಿಸಬಹುದು. ಅದಕ್ಕೆ ಟ್ಯಾಗ್ ಅಂತ ಹೆಸರು. ಕುಕ್ಕರಿನ ಕೆಳಗೆ ‘ಮದುವೆಗೆ ಕೊಡಲು’, ಚಪ್ಪಲಿಯ ಕೆಳಗೆ ‘ಬೇಗ ಕಿತ್ತುಹೋಗುತ್ತೆ’. ಸಂತೆಯಲ್ಲಿ ಕೊಳ್ಳಲು ಬಂದವರೇ ಗಡಿಗೆಯ ಮೇಲೆ ಚೀಟಿ ಅಂಟಿಸಿ ಹೋದ ಹಾಗೆ ಅಂದುಕೊಂಡೆ. ಆ ವರ್ಷ, ಅಂದರೆ ಎರಡು ಸಾವಿರದ ಹನ್ನೊಂದರಲ್ಲಿ, ಕನ್ನಡದಲ್ಲೂ ಬರೆಯಬಹುದು ಅಂತ ಮಾಡಿದ್ದರು. ಕನ್ನಡದ ಚೀಟಿಗಳನ್ನೆಲ್ಲ ಓದಿ, ಬೈಗುಳ, ಫೋನ್ ನಂಬರು, ಜನರ ಹೆಸರು ಇದ್ದರೆ ತೆಗೆದುಹಾಕುವುದು ಮಂಜುಶ್ರೀಯ ಕೆಲಸ. ಹಗಲು ಪಾಳಿಯಲ್ಲಿ ಕನ್ನಡಕ್ಕೆ ಇವಳೊಬ್ಬಳೇ. ತೆಗೆದ ಕೂಡಲೇ, ಬರೆದವರಿಗೆ ‘ನಿಮ್ಮ ಟ್ಯಾಗ್ ತೆಗೆಯಲಾಗಿದೆ’ ಅಂತ ತಾನಾಗಿ ಒಂದು ಸಂದೇಶ ಹೋಗುತ್ತದೆ. ಬರೆದವರು ಯಾರು ಅನ್ನುವುದು ಮಾತ್ರ ಇವಳಿಗೆ ಕಾಣುವುದಿಲ್ಲ.

ನಾಗಸಂದ್ರದಿಂದ ಗಂಡಿನವರು ಬಂದ ದಿನ ಸೊಣ್ಣಮ್ಮ ಬೆಳಿಗ್ಗೆಯೇ ನಮ್ಮ ಬಾಗಿಲಲ್ಲಿ ನಿಂತಿದ್ದಳು. “ಟೀಚರಮ್ಮ, ಎಣ್ಣು ನೋಡಕ್ ಬತ್ತಾವ್ರೆ. ನಿಮ್ ಗಡಿಯಾರ ಕೊಡಿ, ಸಂಜೀಕೆ ತಂದ್ಕೊಡ್ತೀನಿ” ಅಂದಳು. ನಾನೇ ಹೋಗಿ ನಡುಮನೆಯಲ್ಲಿ ಮೊಳೆ ಹೊಡೆಸಿ ತೂಗುಹಾಕಿ ಬಂದೆ. ಹುಡುಗ ನರೇಶ್, ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಜೊತೆಗೆ ಅವನ ತಾಯಿ, ಸೋದರಮಾವ. ಹುಡುಗ ಮೃದುಮಾತಿನವನು. ಹುಡುಗಿಯ ಕೆಲಸದ ಬಗ್ಗೆ ಆಸಕ್ತಿಯಿಂದ ಕೇಳಿದ, ಅವಳೂ ಎಂದಿಲ್ಲದ ಉತ್ಸಾಹದಲ್ಲಿ ಎಲ್ಲ ವಿವರಿಸಿದಳು. ಅವತ್ತೇ ತಾಂಬೂಲ ಬದಲಾಯಿತು. ತಾಂಬೂಲವಾದ ಮೇಲೆ ಮದುವೆಯವರೆಗೆ ಹುಡುಗ ಹುಡುಗಿಯ ಮನೆಯ ಹೊಸ್ತಿಲು ತುಳಿಯಬಾರದು ಅನ್ನುವುದು ದಾಸಪ್ಪನ ಮನೆತನದ ಕಟ್ಟಳೆ. ಸಂಜೆ ನನ್ನ ಗಡಿಯಾರ ನನ್ನ ಗೋಡೆಗೆ ಬಂತು.

ಅದಾಗಿ ಕೆಲವು ವಾರಕ್ಕೆ ಮಂಜುಶ್ರೀ ಬಡವಾಗತೊಡಗಿದಳು. ಮದುವೆಯ ಯೋಚನೆ ಅಂತ ಸೊಣ್ಣಮ್ಮ ನಕ್ಕಳು. ಆದರೆ ಹುಡುಗಿ ತಾರಸಿಗೆ ಬಟ್ಟೆ ಒಣಗಿಸಲು ಹೋಗುವುದನ್ನು ಬಿಟ್ಟಳು, ಬೇಕರಿಯ ಮುಂದೆ ನಡೆಯುವಾಗ ತಲೆ ಎತ್ತುವುದನ್ನು ಬಿಟ್ಟಳು. ಒಂದು ಸಂಜೆ ಕ್ಯಾಬಿನಿಂದ ಇಳಿದವಳು ಮನೆಗೆ ಹೋಗದೆ ನೇರ ನನ್ನ ಅಡುಗೆಮನೆಗೆ ಬಂದು, ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

“ಮಿಸ್, ನನ್ ಹೆಸ್ರು ಬರೀತಿದಾರೆ” ಅಂದಳು.

ಮೊದಲು ಯಾವುದೋ ಸೀರೆಯ ಕೆಳಗೆ ‘ಮಂಜುಶ್ರೀ’ ಅಂತ ಬಂದಿತ್ತಂತೆ. ಹೆಸರು ಬರೆಯಬಾರದೆಂಬ ನಿಯಮದಂತೆ ತೆಗೆದಳು. ಮಾರನೆಯ ದಿನ ಒಂದು ಊಟದ ಡಬ್ಬಿಯ ಕೆಳಗೆ, ‘ಮಂಜುಶ್ರೀ ಊಟ ಮಾಡಿದಳಾ’. ತೆಗೆದಳು. ಕಂಪನಿಯಲ್ಲಿ ತನ್ನ ಮೇಲಧಿಕಾರಿಯಾದ ಪ್ರಸನ್ನನಿಗೆ ತೋರಿಸಿದರೆ, “ಆ ಹೆಸರಿನವರು ಬೆಂಗಳೂರಲ್ಲಿ ಎಷ್ಟ್ ಜನ ಇಲ್ಲ ಹೇಳಿ, ಡಿಲೀಟ್ ಮಾಡ್ತಾ ಇರಿ” ಅಂದನಂತೆ. ಅದೂ ನಿಜವೇ ಅನ್ನಿಸಿತ್ತು. ಆದರೆ ಅವತ್ತು ಬೆಳಿಗ್ಗೆ ತುಂತುರು ಮಳೆ. ಇವಳು ಛತ್ರಿ ಮರೆತು ನೆನೆಯುತ್ತ ಕ್ಯಾಬ್ ಹತ್ತಿದ್ದಳು. ಸೀಟಿಗೆ ಹೋಗಿ ಕೂತು ಕಂಪ್ಯೂಟರ್ ತೆರೆದರೆ ಛತ್ರಿಯೊಂದರ ಕೆಳಗೆ, ‘ಮಂಜುಶ್ರೀ ಇದನ್ನ ಮನೇಲೇ ಬಿಟ್ಟಿದಾಳೆ’.

ಯಾವನೋ ಬೀದಿಯಲ್ಲಿ ನಿಂತು ಈ ಹುಡುಗಿಯನ್ನು ನೋಡಿದ್ದಾನೆ, ನೋಡಿದ್ದನ್ನು ಅವಳೇ ಓದಬೇಕು ಅಂತ ಬರೆದಿದ್ದಾನೆ.

“ಅಪ್ಪಂಗೆ ಹೇಳು” ಅಂದೆ.

“ಅಪ್ಪ ಕೆಲಸ ಬಿಡಿಸ್ತಾರೆ ಮಿಸ್. ನಾಗಸಂದ್ರದವರ ಕಿವಿಗೆ ಬಿದ್ರೆ, ಯಾವನ ಜೊತೆಗೋ ಏನೋ ಇತ್ತು ಅಂತಾರೆ. ಮದುವೆ ನಿಂತ್ಹೋಗುತ್ತೆ. ಆಮೇಲೆ ಅಪ್ಪ ತಲೆ ಎತ್ಕೊಂಡ್ ಓಡಾಡೋದ್ ಹೇಗೆ?” ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಹೆಣ್ಣುಮಗಳ ಹೆಸರು ನಾಲ್ಕು ಜನರ ಬಾಯಿಗೆ ಬೀಳಬಾರದು ಅಂತ ದಾಸಪ್ಪ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದ. ನನಗೆ ಬಂದ ಸಿಟ್ಟಿಗೆ ಒಲೆಯ ಮೇಲಿದ್ದ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಅಲ್ಲಿಂದಾಚೆ ಅವಳ ದಿನಗಳೆಲ್ಲ ಅನುಮಾನದಲ್ಲೇ ಕಳೆದವು. ಕ್ಯಾಬ್ ಡ್ರೈವರ್ ಕನ್ನಡಿಯಲ್ಲಿ ನೋಡಿದರೆ ಅವನೇ ಇರಬಹುದು ಅನ್ನಿಸುತ್ತಿತ್ತು. ಬೇಕರಿಯವನು ನಕ್ಕರೆ ಅವನು. ಪ್ರಸನ್ನ ಕುರ್ಚಿಯ ಹಿಂದೆ ಸುಳಿದರೆ ಅವನು. ನರೇಶ್ ದಿನವೂ ಸಂಜೆ ಫೋನ್ ಮಾಡುತ್ತಿದ್ದ. ಅವನ ದನಿ ಕೇಳಿದ ಹೊತ್ತು ಮಾತ್ರ ಅವಳಿಗೆ ಉಸಿರಾಡಿದ ಹಾಗಾಗುತ್ತಿತ್ತು.

ಆಮೇಲೆ ಬಂತು ಗಡಿಯಾರದ ಚೀಟಿ. ಆ ಸಂಜೆ ಹುಡುಗಿ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. “ಈಗ ಮನೆಯೊಳಗೇ ಬಂದ್ಬಿಟ್ಟಿದಾನೆ ಮಿಸ್” ಅಂದಳು. ಸಂಗೀತದ ಗೋಡೆ ಗಡಿಯಾರವೊಂದರ ಕೆಳಗೆ ಬರೆದಿತ್ತಂತೆ, ‘ಮಂಜುಶ್ರೀ ಮನೆಯ ಹಾಲ್‌ನಲ್ಲಿ ಇಂಥದ್ದೇ ಇದೆ, ದೇವರ ಫೋಟೋ ಪಕ್ಕ’. ಗಾಬರಿಯಲ್ಲಿ ತಕ್ಷಣ ತೆಗೆದಿದ್ದಳು.

ನಾನು ಅವಳನ್ನೇ ನೋಡಿದೆ. ಆಮೇಲೆ ನನ್ನ ಗೋಡೆ ನೋಡಿದೆ.

“ನಿಮ್ಮನೇಲಿ ಗಡಿಯಾರ ಎಲ್ಲಿದೆಯೇ? ಅದು ನನ್ನದಲ್ವಾ” ಅಂದೆ.

ಅವಳೂ ತಿರುಗಿ ನನ್ನ ಗೋಡೆ ನೋಡಿದಳು. ದಿನವೂ ಆ ಮನೆ ನೋಡುವವರಿಗೆ ಅಲ್ಲಿರುವುದು ಬರೀ ಮೊಳೆ. ದೇವರ ಫೋಟೋ ಪಕ್ಕ ಗಡಿಯಾರ ಇದ್ದದ್ದು ಒಂದೇ ದಿನ, ಅದನ್ನು ಅಲ್ಲಿ ನೋಡಿದ ಹೊರಗಿನವರು ನಾಗಸಂದ್ರದವರು ಮಾತ್ರ. ಆ ತಾಯಿಗೆ ಟಿವಿ ಹಾಕಲು ಬರುವುದಿಲ್ಲ. ಸೋದರಮಾವನಿಗೆ ಕಣ್ಣಿನ ಪೊರೆ.

“ಇಲ್ಲ ಮಿಸ್. ಅವರಲ್ಲ. ಅವರು ದಿನಾ ಎಷ್ಟ್ ಚೆನ್ನಾಗ್ ಮಾತಾಡ್ತಾರೆ” ಅಂತ ಅತ್ತಳು. ಅವನೇ ಆಗಿರಬಾರದು ಅಂತ ಅವಳಿಗೆ ಎಷ್ಟು ಆಸೆಯಿತ್ತೋ ನನಗೂ ಅಷ್ಟೇ ಇತ್ತು. ಅಂದಾಜಿನ ಮೇಲೆ ಒಬ್ಬನ ತಲೆಗೆ ಕಟ್ಟುವುದು ಬೇಡ ಅನ್ನಿಸಿತು. “ಇನ್ನೊಂದು ಬಂದ್ರೆ ತೆಗೀಬೇಡ, ಹಾಗೇ ಬಿಡು. ಏನಾಗುತ್ತೋ ನೋಡೋಣ” ಅಂದೆ.

ಮಾರನೆಯ ಬೆಳಿಗ್ಗೆ ಅದೇ ಗಡಿಯಾರಕ್ಕೆ ಅದೇ ಮಾತು ಮತ್ತೆ ಬಂತು. ದಿನವಿಡೀ ಅದು ಕಣ್ಣೆದುರಿಗೇ ಇತ್ತು, ಅವಳು ಕೈ ಹಚ್ಚಲಿಲ್ಲ. ಸಂಜೆ ನನ್ನ ಮನೆಯಲ್ಲಿ ಮೂವರೂ ಕೂತಿದ್ದೆವು. ಸೊಣ್ಣಮ್ಮನಿಗೆ ಅಷ್ಟು ಹೊತ್ತಿಗೆ ಎಲ್ಲ ಹೇಳಿದ್ದೆ. ನರೇಶನ ಫೋನ್ ಬಂತು. ಮಂಜುಶ್ರೀ ಸ್ಪೀಕರ್ ಒತ್ತಿದಳು.

“ಇವತ್ತು ಕೆಲಸಕ್ಕೆ ಹೋಗ್ಲಿಲ್ವಾ?” ಅಂತ ಕೇಳಿದ.

“ಹೋಗಿದ್ದೆ.”

“ಸುಳ್ ಹೇಳ್ಬೇಡ ಮಂಜು. ಎಲ್ಲಿಗ್ ಹೋಗಿದ್ದೆ?”

“ಸೀಟಲ್ಲೇ ಇದ್ದೆ. ಯಾಕೆ?”

“ಮತ್ತೆ ಬೆಳಿಗ್ಗೆಯಿಂದ ಗಡಿಯಾರದ್ ಯಾಕೆ ತೆಗ್ದಿಲ್ಲ?”

ಅದೇ ಮೃದು ದನಿ, ಒಂದಿಷ್ಟೂ ಏರಿರಲಿಲ್ಲ. ಮಂಜುಶ್ರೀಯ ಕೈಯಿಂದ ಫೋನ್ ಜಾರಿ ಚಾಪೆಯ ಮೇಲೆ ಬಿತ್ತು. ಅದರೊಳಗಿಂದ “ಹಲೋ, ಮಂಜು, ಹಲೋ” ಅಂತ ಅವನು ಕರೆಯುತ್ತಲೇ ಇದ್ದ. ಸೊಣ್ಣಮ್ಮ ಅದನ್ನು ಮುಟ್ಟಲೂ ಹೆದರಿದಳು. ನಾನೇ ತೆಗೆದು ಆರಿಸಿದೆ.

ಆಗ ಎಲ್ಲ ಅರ್ಥವಾಯಿತು. ಅವಳು ಚುರುಕಾಗಿ ಕೆಲಸ ಮಾಡಿದಷ್ಟೂ ಅವನಿಗೆ ಅನುಕೂಲವಾಗಿತ್ತು. ಚೀಟಿ ತೆಗೆದ ಸಂದೇಶ ಬಂತೆಂದರೆ ಹುಡುಗಿ ಸೀಟಿನಲ್ಲಿದ್ದಾಳೆ ಅಂತ. ತಡವಾಯಿತೆಂದರೆ ಎದ್ದು ಎಲ್ಲೋ ಹೋಗಿದ್ದಾಳೆ, ಯಾರ ಜೊತೆಗೆ ಅಂತ. ಇವಳೇ ದಿನವೂ ಅವನಿಗೆ ಹಾಜರಿ ಹಾಕುತ್ತಿದ್ದಳು.

ಸೊಣ್ಣಮ್ಮ ಗಂಡನಿಗೆ ಎಲ್ಲ ಹೇಳಿದಳು. ಭಾನುವಾರ ದಾಸಪ್ಪ ಕಟ್ಟಳೆ ಬದಿಗಿಟ್ಟು ನರೇಶನನ್ನೂ ತಾಯಿಯನ್ನೂ ಕರೆಸಿದ. ನನ್ನನ್ನೂ ಕೂರಿಸಿದರು. ನರೇಶನಿಗೆ ನಾಚಿಕೆಯೇ ಇರಲಿಲ್ಲ.

“ಕಾಲ ಸರಿಯಿಲ್ಲ ಮಾವ. ಅಂಥ ಕಂಪನೀಲಿ ಎಂಥೆಂಥೋರು ಇರ್ತಾರೆ. ಹುಷಾರಾಗಿದಾಳಾ ಅಂತ ನೋಡ್ಕೊಂಡೆ, ಅಷ್ಟೆ. ರಜಾ ಹಾಕಿ ಬೈಕಲ್ಲಿ ಇಲ್ಲೀತನಕ ಬಂದು ನೋಡ್ಕೊಂಡ್ ಹೋಗಿದೀನಿ. ಮದುವೆ ಆದ್ಮೇಲೆ ಇದೆಲ್ಲ ಇರಲ್ಲ. ಕೆಲಸಾನೇ ಇರಲ್ವಲ್ಲ” ಅಂದ.

ಅವನ ತಾಯಿ, ಎಷ್ಟು ಪ್ರೀತಿ ನೋಡಿ ಅನ್ನುವಂತೆ ನಮ್ಮೆಲ್ಲರ ಮುಖ ನೋಡಿದಳು. ದಾಸಪ್ಪ ಕೊಟ್ಟ ಮಾತಿಗೆ ಹೆದರುವ ಮನುಷ್ಯ. ಅವನು ತಲೆ ತಗ್ಗಿಸಿ ಕೂತದ್ದು ನೋಡಿ, ಇನ್ನೇನು ಒಪ್ಪಿಬಿಡುತ್ತಾನೆ ಅಂದುಕೊಂಡೆ.

ಬಾಗಿಲ ಹಿಂದಿನಿಂದ ಮಂಜುಶ್ರೀ ಬಂದಳು. “ಬೇಡಪ್ಪ. ನಂಗೆ ಇವರನ್ನ ಕಂಡ್ರೆ ಭಯ ಆಗುತ್ತೆ” ಅಂದಳು. ಹಾಜರಿಗೆ ಬೆವರುತ್ತಿದ್ದ ಹುಡುಗಿ, ಎಲ್ಲರ ಎದುರಿಗೆ ಇಷ್ಟು ಹೇಳಿದಳು. ದಾಸಪ್ಪ ಎದ್ದು ಒಳಗೆ ಹೋಗಿ, ಅವರು ತಾಂಬೂಲದ ದಿನ ಇಟ್ಟ ಸೀರೆಯನ್ನು ತಟ್ಟೆಯ ಸಮೇತ ತಂದು ಆ ತಾಯಿಯ ಮುಂದಿಟ್ಟ. ನರೇಶ್ ಹೋಗುವಾಗ ನಡುಮನೆಯನ್ನೆಲ್ಲ ಒಂದು ಸಲ ನಿಧಾನವಾಗಿ ಕಣ್ಣಾಡಿಸಿ ನೋಡಿ, ಬರಿಯ ಮೊಳೆಯ ಮೇಲೆ ಕಣ್ಣು ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡ.

ಮುಗಿಯಿತು ಅಂದುಕೊಂಡೆವು. ಆ ಮೊಳೆ ಕಣ್ಣಿಗೆ ಚುಚ್ಚುತ್ತದೆ ಅಂತ ಸೊಣ್ಣಮ್ಮ ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ತಗುಲಿಸಿದಳು. ಅದೇ ವಾರ ಮಂಜುಶ್ರೀ ಕೆಲಸದ ನಡುವೆ ನನಗೆ ಫೋನ್ ಮಾಡಿದಳು. ಓದಿ ಹೇಳಿದಳು. “ಗಡಿಯಾರದ ಕೆಳಗೆ ಬಂದಿದೆ ಮಿಸ್. ‘ಆ ಮೊಳೆಗೆ ಈಗ ಕ್ಯಾಲೆಂಡರ್’ ಅಂತ.”

ನಾನು ಓಡಿಹೋಗಿ ಅವರ ನಡುಮನೆಯಲ್ಲಿ ನಿಂತೆ. ಬೀದಿ ಕಡೆಯ ಕಿಟಕಿ ಎಂದಿನಂತೆ ತೆರೆದಿತ್ತು. ಅದರ ನೇರಕ್ಕೆ ಕ್ಯಾಲೆಂಡರ್.

ಆ ಚೀಟಿಯನ್ನು ಅವಳು ತೆಗೆಯಲಿಲ್ಲ. ಅದರ ಪ್ರಿಂಟ್ ತಂದಳು. ಪೊಲೀಸ್ ಠಾಣೆಗೆ ಅವಳ ಜೊತೆ ನಾನೂ ದಾಸಪ್ಪನೂ ಹೋದೆವು. ಕಾಗದ ಓದಿದವರು ಇದರಲ್ಲಿ ಯಾರ ಹೆಸರೂ ಇಲ್ಲವಲ್ಲ, ಯಾರನ್ನು ಕುರಿತು ಬರೆದದ್ದು ಅಂತ ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ದಾಸಪ್ಪ ಮುಂದೆ ಬಂದ. “ನನ್ ಮಗಳ್ನ ಸಾರ್. ಮಂಜುಶ್ರೀ ಅಂತ. ಬರ್ಕಳಿ” ಅಂದ. ಗಟ್ಟಿಯಾಗಿಯೇ ಅಂದ, ಬೆಂಚಿನ ಮೇಲೆ ಕೂತಿದ್ದ ನಾಲ್ಕು ಜನ ತಿರುಗಿ ನೋಡಿದರು.

ನರೇಶನನ್ನು ಕರೆಸಿ, ಇನ್ನು ಹೀಗೆ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡರು. ಆಮೇಲೆ ಒಂದು ಚೀಟಿಯೂ ಬರಲಿಲ್ಲ. ಕೆಲವು ತಿಂಗಳಲ್ಲಿ ಕಂಪನಿಯವರು ಟ್ಯಾಗ್ ಅನ್ನುವುದನ್ನೇ ತೆಗೆದುಹಾಕಿದರು, ಯಾರೂ ಅಷ್ಟಾಗಿ ಬಳಸುತ್ತಿಲ್ಲ ಅಂತ. ಮಂಜುಶ್ರೀಗೆ ಬೇರೆ ಕೆಲಸ ಕೊಟ್ಟರು. ಬಿಡುಗಡೆ ಆಯ್ತಲ್ಲ ಅಂತ ನಾನು ಒಂದು ಸಂಜೆ ಸಮಾಧಾನ ಹೇಳಿದೆ.

“ಇಲ್ಲ ಮಿಸ್. ಅವಾಗ ಎಲ್ಲಿಂದ ನೋಡ್ತಿದಾನೆ ಅಂತ ಅವನೇ ಬರೀತಿದ್ದ. ಈಗ ಏನೂ ಗೊತ್ತಾಗಲ್ಲ” ಅಂದಳು.

ಹಾಗೆ ಅಂದವಳು ಎದ್ದು, ನನ್ನ ಮನೆಯ ಕಿಟಕಿಯನ್ನೂ ಮುಚ್ಚಿ ಬಂದು ಕೂತಳು.